ಮುಖಪುಟಕ್ಕೆ ಹೋಗದ ಅಜ್ಜಿ

ನಮ್ಮ ಫೋಟೋಗ್ರಾಫರನಿಗೆ ಗೊಣಗಪ್ಪ ಎಂದು ಹೆಸರಿಟ್ಟವಳು ನಾನೇ. ಗುಂಡು ಹಾರಿದರೂ ಗೊಣಗುತ್ತಾನೆ, ಹಾರದಿದ್ದರೂ ಗೊಣಗುತ್ತಾನೆ. ಯುದ್ಧದ ವರದಿಗೆ ಹೋಗುವಾಗಲೆಲ್ಲ ಆಫೀಸಿನವರು ಅವನನ್ನೇ ನನ್ನ ಕೊರಳಿಗೆ ಕಟ್ಟುತ್ತಾರೆ. ನಿಜ ಹೇಳಬೇಕೆಂದರೆ, ಬೇರೆಯವರನ್ನು ಕಳಿಸಿದರೆ ನಾನೇ ಒಪ್ಪುವುದಿಲ್ಲ.

ಆ ಸಲ ನಮಗೆ ಜಾಗ ಕೊಟ್ಟವಳು ಬಟ್ಟೆ ಹೊಲಿಯುವ ಒಬ್ಬ ಅಜ್ಜಿ. ಎದುರು ಪಾಳಯದವರಿಗೆ ಪತ್ರಕರ್ತರನ್ನು ಕಂಡರೆ ಆಗುತ್ತಿರಲಿಲ್ಲ. ಹಿಂದೆ ನಾವು ತಂಗಿದ್ದ ಮನೆಯನ್ನು ಹುಡುಕಿ ಶೆಲ್ ಹಾಕಿದ್ದರು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಇದೆಲ್ಲ ಗೊತ್ತಿದ್ದೂ ಅಜ್ಜಿ ನಮಗೆ ಹಾಸಿಗೆ ಹಾಸಿಕೊಟ್ಟಿದ್ದಳು.

ಆ ಶೆಲ್ ಬಿದ್ದಂದಿನಿಂದ ನನಗೂ ಗೊಣಗಪ್ಪನಿಗೂ ನಡುವೆ ಒಂದು ಕಟ್ಟುಪಾಡು. ಅವನ ಚಿತ್ರವನ್ನು ನಾನು, ನನ್ನ ಬರಹವನ್ನು ಅವನು ನೋಡದೆ ಏನನ್ನೂ ಕಳಿಸುವಂತಿಲ್ಲ. ಒಂದು ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದಾಗ ಅಪರೂಪಕ್ಕೆ ನೆಟ್‌ವರ್ಕ್ ಸಿಕ್ಕಿತೆಂದು ಅವನು ಒಂದು ಚಿತ್ರ ಕಳಿಸಿಬಿಟ್ಟ. ಆಮೇಲೆ ಕ್ಯಾಮೆರಾ ತಂದು ನನ್ನ ಮುಂದೆ ಹಿಡಿದ. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮೇಲೆ ತಲೆ ಬಗ್ಗಿಸಿ ಕೂತ ಅಜ್ಜಿ, ಆಚೆ ಹೊಗೆ. ಅಂಥ ಚಿತ್ರವನ್ನು ಅವನು ಹಿಂದೆಂದೂ ತೆಗೆದಿರಲಿಲ್ಲ. ಅಜ್ಜಿಯ ಹೆಗಲಿಗೆ ತಾಗಿದಂತೆ ತುದಿ ಮುರಿದ ನೀರಿನ ಟ್ಯಾಂಕೂ ಕಾಣುತ್ತಿತ್ತು. ಊರಿಗೆಲ್ಲ ಅಂಥದ್ದು ಅದೊಂದೇ.

"ಟ್ಯಾಂಕ್ ನೋಡಿದ್ಯೇನೋ?" ಅಂದೆ.

ಅವನು ಕ್ಯಾಮೆರಾ ತನ್ನತ್ತ ತಿರುಗಿಸಿ ಇನ್ನೊಮ್ಮೆ ನೋಡಿದ. ಆ ಚಿತ್ರ ಅಚ್ಚಾದರೆ ಅಜ್ಜಿಯ ಮನೆಯ ವಿಳಾಸವನ್ನು ನಾವೇ ಬರೆದುಕೊಟ್ಟಂತೆ.

ಮನೆಯೊಳಗೆ ನೆಟ್‌ವರ್ಕ್ ಮತ್ತೆ ಹೋಗಿತ್ತು. ಇನ್ನು ಫೋನ್ ಸಿಗುವುದು ತಾರಸಿಯಲ್ಲಿ ಮಾತ್ರ, ಹಗಲಲ್ಲಿ ಅಲ್ಲಿ ತಲೆಯೆತ್ತಿದರೆ ಗುಂಡು. "ನೀನು ಕೂತ್ಕೋ ಅಕ್ಕ, ತಪ್ಪು ನಂದು" ಎಂದು ಅವನೇ ತೆವಳಿಕೊಂಡು ಹೋದ. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ಅವನ ಕಾಲು ಹಿಡಿದುಕೊಂಡೆ.

"ಮುಖಪುಟಕ್ಕೆ ಹಾಕ್ತಿದ್ದೀವಿ ಕಣೋ, ವರ್ಷದ ಫೋಟೋ ಇದು" ಎಂದರು ಫೋನಿನ ಸ್ಪೀಕರಿನಲ್ಲಿ ಸುದ್ದಿ ಸಂಪಾದಕರು.

"ಹಾಕ್ಬೇಡಿ ಸರ್. ಟ್ಯಾಂಕ್ ನೋಡಿ ಮನೆ ಗುರುತು ಹಿಡೀತಾರೆ."

"ಟ್ಯಾಂಕ್ ಅಳಿಸಿ ಹಾಕ್ಲಾ?"

"ಫೋಟೋ ತಿದ್ದೋ ಕೆಲಸ ನಾವು ಮಾಡಲ್ವಲ್ಲ ಸರ್. ಬಿಟ್ಟೇಬಿಡಿ."

"ಸರಿ, ಕೆಳಗಿಳಿ ಮೊದಲು" ಎಂದರು ಅವರು.

ಕೆಳಗೆ ಅಜ್ಜಿ ಟೀ ಹಿಡಿದು ನಿಂತಿದ್ದಳು. ಗೊಣಗಪ್ಪ ಚಿತ್ರ ತೋರಿಸಿ, ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದ. ಅವಳು ಅವನ ಕಿವಿ ಹಿಂಡಿ, "ಅಂಗಿ ಬಿಚ್ಚು, ತೋಳು ಹರ್ಕೊಂಡು ಬಂದಿದ್ದೀಯ" ಎಂದಳು. ಮೂವರೂ ಟೀ ಕುಡಿದೆವು. ಜೀವನದಲ್ಲಿ ಅಷ್ಟು ನೆಮ್ಮದಿಯಿಂದ ನಾನು ಟೀ ಕುಡಿದದ್ದು ಕಡಿಮೆ.

ಮರುದಿನದ ಮುಖಪುಟದಲ್ಲಿ ಬೇರೆ ಯಾರದೋ ಚಿತ್ರವಿತ್ತು. ನನ್ನ ಫೋನಿನಲ್ಲಿ ಅದನ್ನು ನೋಡಿದ ಅಜ್ಜಿ, "ನಂದೇ ಚೆನ್ನಾಗಿತ್ತು" ಎಂದಳು, ತನ್ನ ಮನೆಯಲ್ಲಿ, ತನ್ನ ಕಿಟಕಿಯ ಬಳಿ ಕೂತುಕೊಂಡೇ.