ರಾಜನನ್ನು ಇಳಿಸುವ ಮನಸ್ಸು ಮೊದಲು ಯಾರಿಗೂ ಇರಲಿಲ್ಲ

ಹದಿನೇಳನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಪಾಠದಲ್ಲಿ ಪಂಚಶೀಲಾ ಎರಡು ಸಲ ಮುಗ್ಗರಿಸಿದ್ದಳು. ಆಳಂದದ ಡಿಗ್ರಿ ಕಾಲೇಜಿನ ಅಮಿತಾ ಮೇಡಂ ಕೊಟ್ಟ ಕೊನೆಯ ಅವಕಾಶ ಸೋಮವಾರದ ಮೌಖಿಕ ಪರೀಕ್ಷೆ. ಅದೂ ಕೈತಪ್ಪಿದರೆ ಒಂದು ವರ್ಷವೇ ಹೋದಂತೆ.

ಭಾನುವಾರ ಖಜೂರಿ ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ಅವಳು ಗೈಡನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. "ಶ್ರೀಮಂತರೆಲ್ಲ ರಾಜನ ಕಡೆ, ಬಡವರೆಲ್ಲ ಪಾರ್ಲಿಮೆಂಟಿನ ಕಡೆ. ರಾಜನನ್ನು ಕೊಲ್ಲಬೇಕೆಂದು ಪಾರ್ಲಿಮೆಂಟು ಮೊದಲೇ ನಿರ್ಧರಿಸಿತ್ತು."

ಪಕ್ಕದಲ್ಲಿ ತೊಗರಿ ಹಸನು ಮಾಡುತ್ತಿದ್ದ ಕಾಕಾ ಅಣ್ಣಾರಾಯ ಮೊರ ಕೆಳಗಿಟ್ಟ. ಹದಿನೈದು ವರ್ಷ ಪಂಚಾಯಿತಿ ಮೆಂಬರಾಗಿದ್ದು, ಮೂವರು ಅಧ್ಯಕ್ಷರ ಮೇಲೆ ಅವಿಶ್ವಾಸ ನಿರ್ಣಯ ತಂದವನು ಅವನು.

"ಯಾರ್ ಬರದಾರ ಬೇ ಇದನ್ನ? ಒಬ್ಬ ಮೆಂಬರನ್ನಾದ್ರೂ ಕೇಳ್ಯಾನೇನು ಅಂವ?"

"ನಾಳಿ ಪರೀಕ್ಷಾ ಐತಿ ಕಾಕಾ, ಸುಮ್ನಿರ್ರಿ."

"ಒಂದ ಮನ್ಯಾಗ ಅಣ್ಣ ಒಂದ ಕಡಿ, ತಮ್ಮ ಒಂದ ಕಡಿ ಇರ್ತಾರ. ಶ್ರೀಮಂತ, ಬಡವ ಅಂತ ಗೆರಿ ಹೊಡದ್ರ ಹೆಂಗ? ಮತ್ತ ಮೊದಲನೇ ದಿನಾನ ಇಳಸ್ತೇವಿ ಅಂತ ಯಾರೂ ಅನ್ನಂಗಿಲ್ಲ. 'ಅಧ್ಯಕ್ಷರು ಬಂಗಾರದಂಥವ್ರು, ಅವರ ಕಿವಿ ಊದೋರು ಸರಿ ಇಲ್ಲ' ಅಂತೇವಿ. ಅಂವ ಮಾತ್ ಕೇಳ್ಲಿ ಅಂತ ಅರ್ಜಿಗಿ ಸಹಿ ಹಾಕ್ತೇವಿ. ಕೇಳ್ದಿದ್ರ ಆಮ್ಯಾಗ ನೋಡೂದು."

ಪಂಚಶೀಲಾ ಗೈಡು ಮುಚ್ಚಿ, ಮೇಡಂ ಬರೆಸಿದ್ದ ನೋಟ್ಸು ತೆರೆದಳು. 'ರಾಜನ ದುಷ್ಟ ಸಲಹೆಗಾರರು' ಎಂದು ಮೊದಲ ಪುಟದಲ್ಲೇ ಇತ್ತು. ಇಷ್ಟು ದಿನ ಅದನ್ನು ಓದಿಯೇ ಇರಲಿಲ್ಲ. ಉಳಿದ ಪುಟಗಳನ್ನು ಸಂಜೆಯವರೆಗೂ ಕೂತು ಓದಿದಳು.

ಮರುದಿನ ಮೇಡಂ ಕೇಳಿದರು. "ರಾಜನ್ನ ಕೊಲ್ಲಾಕಂತನ ಯುದ್ಧ ಸುರು ಮಾಡಿದ್ರೇನು?"

"ಇಲ್ಲರಿ ಮೇಡಂ. ರಾಜ ತಮ್ಮ ಮಾತ ಕೇಳ್ಲಿ ಅಂತ. ರಾಜನ ಹೆಸರ್ಲೇನ ಸೈನ್ಯಾ ಕೂಡ್ಸಿದ್ರು."

ಮೇಡಂ ತಲೆ ಎತ್ತಿದರು. "ಹಂಗಾರ ಕಡೀಕ ತಲಿ ಯಾಕ ತಗದ್ರು?"

"ಸೋತ್ ಮ್ಯಾಲೂ ಅಂವ ಸುಮ್ನ ಕೂಡ್ಲಿಲ್ಲರಿ. ಇವ್ರ ಕೂಡ ರಾಜಿ ಮಾತಾಡ್ಕೋತ, ಆ ಕಡಿ ಸ್ಕಾಟ್ಲೆಂಡಿನವ್ರಿಗಿ ಫೋನ್ ಹಚ್ಚಿ..."

"ಫೋನ್?"

"ಪತ್ರರಿ, ಪತ್ರ! ಮತ್ತೊಂದ್ ಯುದ್ಧ ಎಬ್ಬಿಸಿದ. ಆದ್ರೂ ಬಾಳ ಮಂದಿ ಮೆಂಬರ್ರು ರಾಜಿಗೇ ತಯಾರಿದ್ರು. ಅದಕ್ಕ ಪಾರ್ಲಿಮೆಂಟಿನ ಸೈನ್ಯದವ್ರೇ ಅದರ ಬಾಗಲ್ದಾಗ ನಿಂತು, ತಮಗ ಆಗದವ್ರನ್ನ ಒಳಗ ಬಿಡ್ಲಿಲ್ಲ. ಒಳಗ ಉಳದವ್ರು ರಾಜನ ವಿಚಾರಣಿ ಮಾಡ್ಸಿ ತಲಿ ತಗಸಿದ್ರು. ನಮ್ಮಲ್ಲಿಯಂಗ ಮೆಂಬರ್ರನ್ನ ಗಾಡ್ಯಾಗ ತುಂಬಿ ಸೋಲಾಪುರ ಲಾಡ್ಜಿಗಿ ಒಯ್ಯೂದು ಅವ್ರಿಗಿ ತಿಳೀಲಿಲ್ಲ ಕಾಣ್ತದ."

ಮೇಡಂ ಬಾಯಿಗೆ ಸೆರಗು ಹಿಡಿದರು. ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಲಾಡ್ಜ್ ಒಂದ್ ಬಿಟ್ಟು ಉಳದದ್ದೆಲ್ಲಾ ಸರಿ. ಪಾಸು, ನಡಿ."

ಸಂಜೆ ಸುದ್ದಿ ಕೇಳಿದ ಕಾಕಾ ಪಾಸಾದದ್ದಕ್ಕೆ ಹೂಂಗುಟ್ಟಿದನಷ್ಟೇ. ಅವನ ಚಿಂತೆ ಬೇರೆಯಿತ್ತು. "ಇಳಿಸಿದ ಮ್ಯಾಲ ಕುರ್ಚಿ ಯಾರಿಗಿ ಬಂತು?"

"ಮೊದಲ ಸೈನ್ಯದವ್ರಿಗಿ. ಹನ್ನೊಂದ್ ವರ್ಷಕ್ಕ ತಿರುಗಿ ರಾಜನ ಮಗನ್ನೇ ಕರಕೊಂಡ್ ಬಂದ್ರು."

"ಭಾಳ ತಡಾ ಮಾಡಿದ್ರು," ಎಂದ ಅಣ್ಣಾರಾಯ. "ನಾವು ಇಳಿಸಿದ ಅಧ್ಯಕ್ಷನ ಹೇಣ್ತೀನ ಆರ ತಿಂಗಳಿಗೇ ಅದೇ ಕುರ್ಚಿ ಮ್ಯಾಲ ಕುಂದ್ರಿಸಿದ್ವಿ."