ಗಾಜಿನ ಪೆಟ್ಟಿಗೆಯ ಕಡೇ ಕಲ್ಲಿದ್ದಲು

ನಮ್ಮೆಜಮಾನರಿಗೆ ಇಸ್ತ್ರಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೊಂದು ಗೊತ್ತಿಲ್ಲ. ಒಳ್ಳೆಯವರು, ಬೈಯೋಕೆ ಮನಸ್ಸೇ ಬರಲ್ಲ. ಆದರೂ ಅವತ್ತು ಬೈದೆ.

ಮುಚ್ಚಿಹೋದ ಗಣಿಯ ಮ್ಯೂಸಿಯಂನಲ್ಲಿ ಗುಡಿಸಿ ಒರೆಸೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಟೆಂಪರರಿ. ಹೊಸ ಕೋಣೆಯ ಉದ್ಘಾಟನೆ ಸುಸೂತ್ರವಾಗಿ ಮುಗಿದರೆ ಕಾಯಂ ಮಾಡ್ತೀನಿ ಅಂದಿದ್ದರು ಸಾಹೇಬರು. ಆ ಕೋಣೆಯಲ್ಲಿ ಇದ್ದದ್ದೇ ಒಂದು ವಸ್ತು: ಗಣಿಯಿಂದ ತೆಗೆದ ಕಟ್ಟಕಡೆಯ ಕಲ್ಲಿದ್ದಲು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದ್ದರು.

ಬೆಳಿಗ್ಗೆಯೇ ಕರೆಂಟು ಹೋಯ್ತು. ಸಾಹೇಬರ ಕೋಟೋ, ಮುದುರಿ ಮುದ್ದೆ. ಯಜಮಾನರನ್ನು ಕರೆಸಿದೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಂದು ಗರಿಗರಿಯಾಗಿ ತೀಡಿಕೊಟ್ಟರು.

“ಇದ್ದಿಲು ಸಾಕಾಯ್ತಾ?” ಅಂದೆ.

“ಎಲ್ಲಿ ಸಾಕಾಗುತ್ತೆ? ಒಳಗೆ ಬಟ್ಟೆ ಮುಚ್ಚಿದ ಪೆಟ್ಟಿಗೇಲಿ ಒಂದು ತುಂಡಿತ್ತು, ಒಡೆದು ಹಾಕಿದೆ. ಬರೀ ಹೊಗೆ ಕಣೇ. ನಿಮ್ಮ ಸಾಹೇಬರಿಗೆ ಯಾರೋ ಕಳಪೆ ಮಾಲು ಕೊಟ್ಟಿದಾರೆ.”

“ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ. ಅದು ಆಗೋಕೆ ಕೋಟ್ಯಂತರ ವರ್ಷ ಬೇಕು ರೀ.”

“ಅಷ್ಟೊಂದಾ? ಕಾಲರಿಗೇ ಮುಗಿದುಹೋಯ್ತಲ್ಲ.”

ಅಷ್ಟರಲ್ಲಿ ಅತಿಥಿಗಳು ಬಂದೇಬಿಟ್ಟರು. ಹೊಗೆಯ ವಾಸನೆಯ ಕೋಟು ತೊಟ್ಟು ಸಾಹೇಬರು ಭಾಷಣ ಶುರುಮಾಡಿದರು. “ಬಿಸಿಲು, ಗಾಳಿ ಎಷ್ಟು ಬಳಸಿದರೂ ಬರ್ತಾನೇ ಇರುತ್ತವೆ. ಮರ ಕಡಿದರೆ ಇನ್ನೊಂದು ನೆಡಬಹುದು. ಇದು ಮಾತ್ರ ಒಂದು ಸಲ ಉರಿದರೆ...” ಅಂತ ಬಟ್ಟೆ ಎಳೆದರು.

ಪೆಟ್ಟಿಗೆ ಖಾಲಿ. ಹನ್ನೊಂದು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲ ಅಂತ ಅಳು ಬಂತು. “ಮುಗೀತು ಸಾರ್” ಅಂದುಬಿಟ್ಟೆ.

ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಎದ್ದು ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಎಂಥ ಯೋಚನೆ, ಎಂಥ ಯೋಚನೆ ಅಂತ ಒಬ್ಬರು ಕಣ್ಣೊರೆಸಿಕೊಂಡರು. ಸಾಹೇಬರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಎಲ್ಲ ತಮ್ಮದೇ ಯೋಚನೆ ಅನ್ನೋ ಹಾಗೆ ಕೈಮುಗಿದರು.

ಸಂಜೆಯೊಳಗೆ ಆರ್ಡರು ಕೈಗೆ ಬಂತು. ನಾನೀಗ ಆ ಖಾಲಿ ಪೆಟ್ಟಿಗೆಗೆ ಕಾಯಂ ಕಾವಲು. ಸುಳ್ಳು ಯಾಕೆ ಹೇಳಲಿ, ಸ್ವರ್ಗಕ್ಕೆ ಮೂರೇ ಗೇಣು. ಕಲ್ಲಿದ್ದಲಿದ್ದಿದ್ದರೆ ಅದರ ಧೂಳಾದರೂ ಒರೆಸಬೇಕಿತ್ತು.

ಯಜಮಾನರು ಮಾತ್ರ ಬಂದಾಗಲೆಲ್ಲ “ಅಯ್ಯೋ ಪಾಪ, ಖಾಲಿ ಬಿದ್ದಿದೆ” ಅಂತ ಜೇಬಿಂದ ಒಂದು ಇದ್ದಿಲು ತೆಗೀತಾರೆ. ನಾನು ಓಡಿಹೋಗಿ ಕೈ ಹಿಡ್ಕೋತೀನಿ. ಅದರೊಳಗೆ ಒಂದು ಚೂರು ಬಿದ್ದರೂ ನನ್ನ ಕೆಲಸ ಹೋಗುತ್ತೆ.