ವಿಶ್ವಕಪ್ಪಿನ ಭವಿಷ್ಯ ಹೊತ್ತ ಹಲಗೆ

ನಾನು ಒಂದು ಕರಿಹಲಗೆ. ಹುಟ್ಟಿನಿಂದ ಕರಿಬಣ್ಣದವನಲ್ಲ, ನನ್ನ ಮೈ ತೇಗದ್ದು. ಮೊದಲು ಮೂರನೆಯ ದರ್ಜೆಯ ರೈಲು ಡಬ್ಬಿಯೊಂದರ ಗೋಡೆಯಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. 1964ರಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಆ ಹಳೆಯ ಡಬ್ಬಿಯನ್ನು ಒಡೆದರು. ವಿರೂಪಾಕ್ಷಪ್ಪ ಬಡಿಗೇರ ಎಂಬ ಬಡಗಿ ಮೂರು ಗಟ್ಟಿ ಹಲಗೆಗಳನ್ನು ಆರಿಸಿ, ಒಂದಕ್ಕೊಂದು ಕೂಡಿಸಿ, ಉಜ್ಜಿ ನುಣುಪು ಮಾಡಿ, ಮಸಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಳಿದ. ಒಣಗಿದ ಮೇಲೆ ಬೆರಳಿನಿಂದ ತಟ್ಟಿ ನೋಡಿ, “ಇನ್ನ ನೀ ಓಡೂದ ಮುಗೀತಪಾ. ಕುಂತ ಕಲಿಸು” ಎಂದ. ನನಗೆ ಸಿಕ್ಕ ಮೊದಲ ಆಶೀರ್ವಾದ ಅದು.

ಹದಿನೇಳು ವರ್ಷ ನಾನು ವರ್ಕ್‌ಶಾಪಿನ ತರಬೇತಿ ಕೋಣೆಯಲ್ಲಿದ್ದೆ. ಚಕ್ರ, ಅಚ್ಚು, ಬ್ರೇಕುಗಳ ಚಿತ್ರ ಹೊತ್ತು ಹೊತ್ತು ನಾನೂ ಅರ್ಧ ಫಿಟ್ಟರನಾಗಿದ್ದೆ. ಆಮೇಲೆ ಹೊಸ ಹಲಗೆ ಬಂತು. ನನ್ನನ್ನು ಹೊರಗಿನ ಗೋಡೆಗೆ ಆನಿಸಿಟ್ಟರು. ಗೇಟಿನೆದುರು ಚಹಾದಂಗಡಿ ಇಟ್ಟಿದ್ದ ಗುಲಾಬಬೀ ನನ್ನನ್ನು ನೋಡಿ ಸಾಹೇಬರನ್ನು ಕೇಳಿದಳು. ಅವರು ಒಪ್ಪಿದರು. ತಗಡಿನ ಸೂರಿನ ಕೆಳಗೆ, ರಸ್ತೆಗೆ ಮುಖ ಮಾಡಿ ನನ್ನನ್ನು ತೂಗುಹಾಕಿದಳು. ನನ್ನ ಮೇಲೆ ಚಹಾ, ಮಿರ್ಚಿ ಭಜಿ, ಗಿರಮಿಟ್ ಎಂದು ಬರೆದವಳು ಅವಳ ಎಂಟು ವರ್ಷದ ಮಗಳು ಜೈನಾಬಿ. ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ತಂದೆ ತೀರಿಹೋಗಿದ್ದ.

ಮರುವರ್ಷ, 1982ರ ಬೇಸಿಗೆ ಮುಗಿಯುವ ಹೊತ್ತಿಗೆ, ನನ್ನ ಬಾಳಿನ ದಿಕ್ಕು ಬದಲಿಸಿದ ಮನುಷ್ಯ ಬಂದ. ಅವನ ಹೆಸರು ದಾನಿಯೇಲಪ್ಪ ಕರಡಿ. ವರ್ಕ್‌ಶಾಪಿನಲ್ಲಿ ಫಿಟ್ಟರ್, ವರ್ಕ್‌ಶಾಪಿನ ಫುಟ್‌ಬಾಲ್ ತಂಡಕ್ಕೆ ಹದಿನೆಂಟು ವರ್ಷ ಗೋಲ್‌ಕೀಪರ್. ಎರಡು ಕಿರುಬೆರಳೂ ಸೊಟ್ಟ, ಮೂಗೂ ಸೊಟ್ಟ. ಆ ವರ್ಷವಷ್ಟೇ ಅವನನ್ನು ವಯಸ್ಸಾಯಿತೆಂದು ತಂಡದಿಂದ ಕೈಬಿಟ್ಟಿದ್ದರು. ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದವನೇ ಸೀಮೆಸುಣ್ಣ ಕೇಳಿ, ತಿನಿಸುಗಳ ಹೆಸರನ್ನು ಒಂದು ಮೂಲೆಗೆ ಒತ್ತರಿಸಿ, ಉಳಿದ ಜಾಗದಲ್ಲಿ ಇಪ್ಪತ್ನಾಲ್ಕು ದೇಶಗಳ ಹೆಸರು ಬರೆದ. ಪ್ರತಿ ಹೆಸರಿನ ಮುಂದೆ ಆ ದೇಶ ವಿಶ್ವಕಪ್ಪಿನಲ್ಲಿ ಎಲ್ಲಿಯತನಕ ಹೋಗುತ್ತದೆ ಎಂದು ಒಂದೊಂದು ಮಾತು. ಇಟಲಿಯ ಮುಂದೆ ‘ಕೊನೀತನಕ’ ಎಂದು ಬರೆದ.

ಗೇಟಿನ ಕಾವಲುಗಾರ ರಾಚಯ್ಯ ನಕ್ಕ. “ಎಲ್ಲಾರೂ ಬ್ರೆಜಿಲ್ ಅನ್ನಾಕತ್ಯಾರ. ನೀವೊಬ್ಬರ ಇಟಲಿ ಹಿಡಕೊಂಡ ಕುಂತೀರಲ್ಲ?”

“ಆ ತಂಡದ ಗೋಲ್‌ಕೀಪರಗ ನಲವತ್ತ ವರ್ಷ ರಾಚಯ್ಯ. ನಲವತ್ತರಾಗೂ ಅವನ್ನ ಬಿಟ್ಟಿಲ್ಲ ಅಂದ್ರ, ಏನೋ ಐತಿ ಅವನ ಕಡೆ.”

ಇಟಲಿ ಮೊದಲ ಮೂರೂ ಪಂದ್ಯ ಡ್ರಾ ಮಾಡಿಕೊಂಡಾಗ ಎಲ್ಲರೂ ನನ್ನೆದುರು ನಿಂತು ನಗುತ್ತಿದ್ದರು. ಆಮೇಲೆ ಅದು ಬ್ರೆಜಿಲನ್ನು ಸೋಲಿಸಿತು. ಕೊನೆಗೆ ಕಪ್ಪನ್ನೇ ಎತ್ತಿತು. ಮರುದಿನ ಬೆಳಿಗ್ಗೆ ಪತ್ರಿಕೆ ಬಂದಾಗ, ಪಾಳಿ ಶುರುವಿನ ಭೋಂಗಾ ಕೂಗಿದರೂ ಯಾರೂ ಕೆಲಸಕ್ಕೆ ಒಳಹೋಗಲಿಲ್ಲ. ನನ್ನ ಮುಂದೆ ನಿಂತು ಆ ಒಂದು ಮಾತನ್ನೇ ಮತ್ತೆ ಮತ್ತೆ ಓದಿದರು. ತಂಡ ಬಿಟ್ಟ ಮೇಲೆ ಬಾಗಿ ನಡೆಯುತ್ತಿದ್ದ ದಾನಿಯೇಲಪ್ಪ ಆ ದಿನ ನೆಟ್ಟಗೆ ನಡೆದು ಹೋದ. ಅವನಿಗೆ ಆ ನಲವತ್ತರ ಗೋಲ್‌ಕೀಪರ್ ಏನು ಕೊಟ್ಟನೋ, ಆತನಿಗೇ ಗೊತ್ತಿರಲಿಕ್ಕಿಲ್ಲ.

ಮುಂದಿನ ಸಲ ಅವನ ಮಾತು ಸುಳ್ಳಾಯಿತು. ಬ್ರೆಜಿಲ್ ಎಂದು ಬರೆದಿದ್ದ, ಅರ್ಜೆಂಟೀನಾ ಗೆದ್ದಿತು. ಆದರೂ ಜನ ನಂಬಿಕೆ ಬಿಡಲಿಲ್ಲ. ‘ಕರಡಿ ಮಾಸ್ತರ’ ಎಂದು ಕರೆಯತೊಡಗಿದರು. ಮಗನ ಪರೀಕ್ಷೆ, ಮಗಳ ಲಗ್ನ, ಎಲ್ಲದಕ್ಕೂ ಬಂದು ಭವಿಷ್ಯ ಕೇಳುವರು. “ನಾ ಚೆಂಡಿನ ಮನುಷ್ಯಾ. ಮಂದೀ ಬಾಳೇವು ನನಗ ತಿಳಿಯಾಂಗಿಲ್ಲ” ಎಂದು ಕಳುಹಿಸುತ್ತಿದ್ದ.

ಇಷ್ಟರಲ್ಲಿ ಜೈನಾಬಿ ದೊಡ್ಡವಳಾಗಿದ್ದಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿತ್ತು. ನನ್ನ ಮೇಲ್ಸಾಲಿಗೆ ಕೈ ಎತ್ತಿ ನಾಲ್ಕು ಅಕ್ಷರ ಬರೆದರೆ ಏದುಸಿರು. ಶಾಲೆ ನಿಂತಿತ್ತು. ಓದಲಿಕ್ಕೆಂದು ದಾನಿಯೇಲಪ್ಪ ತನ್ನ ದಪ್ಪ ನೋಟ್‌ಬುಕ್ಕನ್ನು ಕೊಟ್ಟಿದ್ದ. ಹಲವು ವರ್ಷ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಫುಟ್‌ಬಾಲ್ ಸುದ್ದಿ ಅದರಲ್ಲಿತ್ತು. ಅವಳು ಅದನ್ನು ಬಾಯಿಪಾಠ ಮಾಡಿದ್ದಳು.

1990ರ ವಿಶ್ವಕಪ್ಪಿಗೆ ದಾನಿಯೇಲಪ್ಪ ಎಂದಿನಂತೆ ಬರೆದ. ಕ್ಯಾಮರೂನಿನ ಮುಂದೆ ‘ಮೊದಲ ಸುತ್ತಿಗೇ ಮನಿಗೆ’ ಎಂದು ಗೀಚಿ ಮುಂದಿನ ಹೆಸರಿಗೆ ಹೋದ.

“ಕಾಕಾ, ಅದು ತಪ್ಪೈತಿ” ಎಂದಳು ಜೈನಾಬಿ, ಒಲೆಯ ಪಕ್ಕದ ಸ್ಟೂಲಿನಿಂದ.

“ಯಾಕವಾ?”

“ಎಂಬತ್ತೆರಡರಾಗ ಅವರು ಒಂದೂ ಪಂದ್ಯ ಸೋತಿಲ್ಲ. ಮೂರೂ ಡ್ರಾ. ನಿಮ್ಮ ಇಟಲಿ ಕೂಡನೂ ಡ್ರಾ. ನಿಮ್ಮ ಬುಕ್ಕಿನಾಗ ನೀವ ಅಂಟಿಸೀರಿ. ಸೋಲದವರನ್ನ ಮನಿಗೆ ಕಳಸಿದ್ರು, ಈ ಸಲ ಸುಮ್ನ ಹೋಗ್ತಾರೇನು?”

ದಾನಿಯೇಲಪ್ಪ ಆ ನೋಟ್‌ಬುಕ್ ತರಿಸಿ ಪುಟ ತಿರುವಿ ನೋಡಿದ. ಆಮೇಲೆ ನನ್ನ ಬಲಬದಿಗೆ ಉದ್ದಕ್ಕೆ ಒಂದು ಗೆರೆ ಎಳೆದು, ಮೇಲೆ ‘ಜೈನಾಬಿ’ ಎಂದು ಬರೆದು, ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ. ಅವಳು ಎದ್ದು ಬಂದು ‘ಕ್ಯಾಮರೂನ್: ಕೊನೆಯ ಎಂಟರೊಳಗೆ’ ಎಂದು ಬರೆದಳು. ಎತ್ತರಕ್ಕೆ ಕೈ ಹೋಗದೆಂದು ನನ್ನನ್ನು ಅವನೇ ಕೆಳಗಿಳಿಸಿ ಹಿಡಿದಿದ್ದ. ಅವಳ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು.

ಅದೇ ವಾರ ಬೆಂಗಳೂರಿನ ಆಸ್ಪತ್ರೆಯಿಂದ ಕಾಗದ ಬಂತು. ಕವಾಟ ಬದಲಿಸಬೇಕು, ಜೂನ್ ತಿಂಗಳಲ್ಲೇ ಬರಬೇಕು, ಎಂಟು ಬಾಟಲಿ ರಕ್ತ ಕೊಡುವವರು ಬೇಕು. ದಾನಿಯೇಲಪ್ಪ ಓದಿ ಹೇಳಿದ. ಗುಲಾಬಬೀ ಚಹಾದ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದಳು. ನನ್ನ ಕಡೆಗೆ ಕೈ ಮಾಡಿ ತೋರಿಸಿದಳು.

“ಅಣ್ಣಾರ, ಇಷ್ಟ ದೇಶದ್ದು ಹೇಳೀರಿ. ನನ್ನ ಮಗಳದೊಂದು ಹೇಳ್ರಿ. ಹ್ಞೂ ಅಂದ್ರ ಹ್ಞೂ, ಇಲ್ಲಂದ್ರ ಇಲ್ಲ. ನಾ ತಡಕೋತೀನಿ.”

ದಾನಿಯೇಲಪ್ಪನ ಕೈ ನನ್ನ ಅಂಚಿನ ಮೇಲಿತ್ತು. ಇನ್ನೊಂದು ಕೈಯಲ್ಲಿದ್ದ ಕಾಗದವನ್ನು ಮಡಿಚಿ ಜೇಬಿಗಿಟ್ಟ.

“ಅದನ್ನ ನಾ ಹೇಳಾಂಗಿಲ್ಲ ತಂಗಿ” ಎಂದ. “ಆದ್ರ ನಾ ಬರತೀನಿ ನಿಮ್ಮ ಕೂಡ.”

ಅವನೊಬ್ಬನೇ ಹೋಗಲಿಲ್ಲ. ಹಳೆಯ ತಂಡದ ಏಳು ಜನ ರಜೆ ಹಾಕಿ, ತಮ್ಮ ರೈಲ್ವೆ ಪಾಸಿನ ಮೇಲೆ ಅವನ ಜೊತೆ ರೈಲು ಹತ್ತಿದರು. ಎಂಟು ಜನ, ಎಂಟು ಬಾಟಲಿ. ಅವರಲ್ಲಿ ತಂಡದಿಂದ ದಾನಿಯೇಲಪ್ಪನನ್ನು ಬಿಡಿಸಿದ ಕ್ಯಾಪ್ಟನ್ನೂ ಇದ್ದನಂತೆ.

ಅಂಗಡಿ ಮುಚ್ಚಿತು. ನಾನು ಮಾತ್ರ ಹೊರಗೆ ತೂಗುತ್ತಿದ್ದೆ. ರಾಚಯ್ಯ ದಿನಾ ಬೆಳಿಗ್ಗೆ ಪತ್ರಿಕೆ ನೋಡಿ ಬಂದು ಜೈನಾಬಿಯ ಸಾಲಿನಲ್ಲಿ ಬರೆಯುತ್ತಿದ್ದ. ಮೊದಲ ದಿನವೇ ಬರೆದದ್ದು ಅವನಿಗೇ ನಂಬಿಕೆಯಾಗಲಿಲ್ಲ: ಹಿಂದಿನ ಸಲದ ಚಾಂಪಿಯನ್ ಅರ್ಜೆಂಟೀನಾವನ್ನು ಕ್ಯಾಮರೂನ್ ಸೋಲಿಸಿತ್ತು. ಇಬ್ಬರು ಆಟಗಾರರನ್ನು ಹೊರಹಾಕಿದ್ದರೂ ಗೆದ್ದಿತ್ತು. ಆಮೇಲೆ ರುಮೇನಿಯ. ಆಮೇಲೆ ಕೊಲಂಬಿಯ. ಕ್ಯಾಮರೂನ್ ಕೊನೆಯ ಎಂಟರೊಳಗೆ ಬಂದಿತ್ತು. ಕೆಲಸಕ್ಕೆ ಹೋಗುವವರೆಲ್ಲ ಮುಚ್ಚಿದ ಅಂಗಡಿಯ ಮುಂದೆ ನಿಂತು ನನ್ನನ್ನು ಓದಿ, ಆಮೇಲೆ ರಾಚಯ್ಯನನ್ನು ಕೇಳುತ್ತಿದ್ದರು: “ಹುಡುಗೀದು ಏನರ ಸುದ್ದಿ ಬಂತೇನು?” ಅವನು ತಲೆ ಅಲ್ಲಾಡಿಸುತ್ತಿದ್ದ.

ಜೂನ್ ಇಪ್ಪತ್ತೇಳರಂದು ವರ್ಕ್‌ಶಾಪಿಗೆ ತಂತಿ ಬಂತು. ರಾಚಯ್ಯ ಓಡಿಬಂದು, ಕ್ಯಾಮರೂನಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದ: ‘ಜೈನಾಬಿ ಪಾಸ್.’ ಸೀಮೆಸುಣ್ಣ ಒತ್ತಿ ಒತ್ತಿ ಮುರಿಯಿತು. ನನ್ನ ಮೈಮೇಲೆ ಯಾರೂ ಅಷ್ಟು ಗಟ್ಟಿಯಾಗಿ ಬರೆದಿರಲಿಲ್ಲ. ನೋಯಲಿಲ್ಲ.

ಆಗಸ್ಟಿನಲ್ಲಿ ಜೈನಾಬಿ ಮರಳಿದಳು. ತೆಳ್ಳಗಾಗಿದ್ದಳು, ಆದರೆ ಆಟೋದಿಂದ ಇಳಿದು ನನ್ನತನಕ ನಡೆದು ಬಂದಳು. ಏದುಸಿರಿಲ್ಲ.

“ಇಂಗ್ಲೆಂಡಿಗೆ ಸೋತರಂತಲ್ಲ ಕಾಕಾ” ಎಂದಳು.

“ಸೋತರು. ಆದ್ರ ನಿನಗ ನಾ ಸೋತೆ” ಎಂದ ದಾನಿಯೇಲಪ್ಪ. ಅಂದಿನಿಂದ ಅವನು ಯಾವ ದೇಶದ ಮುಂದೆಯೂ ‘ಮೊದಲ ಸುತ್ತಿಗೇ ಮನಿಗೆ’ ಎಂದು ಬರೆಯಲಿಲ್ಲ. ದುರ್ಬಲ ತಂಡಗಳ ಮುಂದೆ ‘ಮೂರು ಪಂದ್ಯ ಆಡತಾರ’ ಎಂದು ಬರೆಯುತ್ತಿದ್ದ. ಸೋತರೂ ಆ ಮೂರು ಪಂದ್ಯ ಅವರದೇ ಅಲ್ಲವೆ?

ವರ್ಷಗಳು ಉರುಳಿದವು. ನನ್ನ ಬಣ್ಣ ಮಾಸಿದಾಗಲೆಲ್ಲ ಜೈನಾಬಿ ಟಾರ್ಚಿನ ಹಳೆಯ ಸೆಲ್ಲುಗಳನ್ನು ಒಡೆದು, ಒಳಗಿನ ಕರಿಪುಡಿಯನ್ನು ತೊಂಡೆ ಎಲೆಯ ರಸದಲ್ಲಿ ಕಲಸಿ ಬಳಿಯುತ್ತಿದ್ದಳು. ಗುಲಾಬಬೀ ತೀರಿಕೊಂಡಳು. ರಸ್ತೆ ಅಗಲವಾಗುವಾಗ ಅಂಗಡಿ ಹೋಯಿತು. ಜೈನಾಬಿ ಎದೆಗವುಚಿಕೊಂಡು ನನ್ನನ್ನು ಹೊತ್ತೊಯ್ದಳು. ರೈಲ್ವೆ ಕಾಲನಿಯ ಹಿಂದಿನ ಓಣಿಯಲ್ಲಿ ರೊಟ್ಟಿ ಊಟದ ಖಾನಾವಳಿ ತೆರೆದು ಅಲ್ಲಿ ತೂಗುಹಾಕಿದಳು. ನಿವೃತ್ತನಾಗಿ, ಹೆಂಡತಿಯನ್ನೂ ಕಳೆದುಕೊಂಡಿದ್ದ ದಾನಿಯೇಲಪ್ಪ ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದ. ಅವನ ಕಣ್ಣುಗಳು ಮಸುಕಾಗಿದ್ದವು. ಅವನು ಹೇಳುವುದು, ಅವಳು ಬರೆಯುವುದು, ಇಬ್ಬರೂ ಜಗಳಾಡುವುದು. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ಜಗಳಕ್ಕಾಗಿ ನಾನು ಕಾಯುತ್ತಿದ್ದೆ.

ಇಷ್ಟು ವರ್ಷದಲ್ಲಿ ಒಂದು ಹೆಸರನ್ನು ಮಾತ್ರ ನಾನು ಹೊತ್ತಿರಲಿಲ್ಲ. ಅದೂ ಬಂತು. 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯುವುದಿತ್ತು. ಖಾನಾವಳಿ ತುಂಬಿತ್ತು. ಜೈನಾಬಿ ನನ್ನ ನೆತ್ತಿಯ ಮೇಲೆ ‘ಭಾರತ’ ಎಂದು ಬರೆದು ತಿರುಗಿದಳು.

“ಹೇಳ್ರಿ ಕಾಕಾ.”

ದಾನಿಯೇಲಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಮೂರೂ ಸೋಲತಾರ” ಎಂದ. “ಆದ್ರ ಒಂದ ಗೋಲ್ ಹೊಡೀತಾರ.” ಜೈನಾಬಿ ಹಾಗೇ ಬರೆದಳು.

ವರ್ಕ್‌ಶಾಪ್ ತಂಡದ ಆಗಿನ ಕೋಚ್ ಬಸವಣ್ಣೆಪ್ಪ ಸಿಟ್ಟಿನಿಂದ ಎದ್ದ. “ಮಾಸ್ತರ, ಸ್ವಂತ ದೇಶದ ಬಗ್ಗೆ ಹಿಂಗ ಅಂತಾರೇನ್ರಿ? ನಿಮ್ಮ ನಾಲಿಗಿಗೆ ಒಳ್ಳೇ ಮಾತ ಬರಾಂಗಿಲ್ಲೇನು?” ಬಂದವನೇ ಜೈನಾಬಿ ಬರೆದದ್ದನ್ನು ಅಂಗೈಯಿಂದ ಒರೆಸಿಬಿಟ್ಟ. ಅವನ ಅಂಗೈ ಬೆವರಿತ್ತು. ಜೈನಾಬಿ ಸೀಮೆಸುಣ್ಣ ತೆಗೆದುಕೊಂಡು ಅದೇ ಜಾಗದಲ್ಲಿ ಅದೇ ಮಾತನ್ನು ಮತ್ತೆ ಬರೆದಳು.

ಮೊದಲ ಪಂದ್ಯ ಅಮೆರಿಕದ ಎದುರು, ಮೂರು ಸೊನ್ನೆ ಸೋಲು. ಬಸವಣ್ಣೆಪ್ಪ ಎರಡು ದಿನ ಊಟಕ್ಕೆ ಬರಲಿಲ್ಲ. ಎರಡನೆಯದು ಕೊಲಂಬಿಯದ ಮೇಲೆ. ಆ ಸಂಜೆ ಬಂದ, ಆದರೆ ದಾನಿಯೇಲಪ್ಪನಿಗೆ ಬೆನ್ನು ಹಾಕಿ ಕುಳಿತ. ನನ್ನ ಪಕ್ಕದಲ್ಲೇ ಟಿ.ವಿ. ಇತ್ತು. ಕೊಲಂಬಿಯ ಒಂದು ಗೋಲು ಹೊಡೆದಿತ್ತು. ಆಟ ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ. ಕಣ್ಣು ಕಾಣದ ಮುದುಕನಿಗೆ ಜೈನಾಬಿ ಕಿವಿಯಲ್ಲಿ ಹೇಳುತ್ತಿದ್ದಳು.

“ಕಾರ್ನರ್ ನಮ್ಮದು ಕಾಕಾ. ಚೆಂಡ ಬಂತು. ಎತ್ತರದ ಹುಡುಗ ಒಬ್ಬ ಜಿಗಿದ…”

ಆಮೇಲೆ ಅವಳ ಮಾತು ಕೇಳಲಿಲ್ಲ. ಖಾನಾವಳಿಯೇ ಎದ್ದು ಕೂಗಿತು. ನನ್ನ ಮೊಳೆ ಅಲುಗಿತು. ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು! ಮರುನಿಮಿಷವೇ ಕೊಲಂಬಿಯ ಮತ್ತೊಂದು ಹೊಡೆಯಿತು. ಅದನ್ನು ಅರ್ಧ ಜನ ನೋಡಲೇ ಇಲ್ಲ. ಬಸವಣ್ಣೆಪ್ಪ ಬೆಂಚು ದಾಟಿ ಬಂದು ದಾನಿಯೇಲಪ್ಪನ ಸೊಟ್ಟ ಬೆರಳಿನ ಎರಡೂ ಕೈಗಳನ್ನು ಹಿಡಿದು, ನೆಲದ ಮೇಲೆ ಕುಳಿತುಬಿಟ್ಟ.

“ನಿಮಗ ಹೆಂಗ ಗೊತ್ತಾತ್ರಿ ಮಾಸ್ತರ?”

“ಗೊತ್ತಿರಲಿಲ್ಲೋ” ಎಂದ ದಾನಿಯೇಲಪ್ಪ. ಅವನ ಮುಖವೆಲ್ಲ ಒದ್ದೆಯಾಗಿತ್ತು. “ಸೋಲು ಲೆಕ್ಕಾ ಹಾಕಿ ಹೇಳಿದ್ದೆ. ಅದು ಸುಳ್ಳಾಗಲಿ ಅಂತ ದಿನಾ ಪ್ರಾರ್ಥನಾ ಮಾಡೇನಿ. ಗೋಲ್ ಮಾತ್ರ ಲೆಕ್ಕದ್ದಲ್ಲ. ಅದು ನನ್ನ ಆಸೆ.”

ಮೂರನೆಯ ಪಂದ್ಯವನ್ನೂ ಹುಡುಗರು ಸೋತರು. ಆ ದಿನ ಯಾರೂ ಬೈಯಲಿಲ್ಲ.

ದಾನಿಯೇಲಪ್ಪ ಎರಡು ವರ್ಷದ ನಂತರ ತೀರಿಕೊಂಡ. ಮಧ್ಯಾಹ್ನ ಉಂಡು, ಕೈತೊಳೆದು, ಬೆಂಚಿನ ಮೇಲೆ ಒರಗಿದವನು ಏಳಲಿಲ್ಲ. ಅವನನ್ನು ಹೊತ್ತವರಲ್ಲಿ ಬಸವಣ್ಣೆಪ್ಪ ಮುಂದಿದ್ದ.

ಈಗ ನನಗೂ ವಯಸ್ಸಾಗಿದೆ. ನಡುವಿನ ಕೂಡಿಕೆ ಬಿಟ್ಟು ಒಂದು ಬೆರಳು ತೂರುವಷ್ಟು ಸೀಳು ಬಿದ್ದಿದೆ. ಬರೆದರೆ ಅಕ್ಷರ ಅಲ್ಲಿ ಮುರಿಯುತ್ತದೆ. ಜೈನಾಬಿ ನನ್ನನ್ನು ಒಲೆಗೆ ಹಾಕಲಿಲ್ಲ. ತೊಳೆದು, ಒಣಗಿಸಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಬೋರಲಾಗಿ ಮಲಗಿಸಿ, ಮೇಲೆ ಬಿಳಿ ಬಟ್ಟೆ ಹಾಸಿದ್ದಾಳೆ. ಹಂಚಿನಿಂದ ತೆಗೆದ ಜೋಳದ ರೊಟ್ಟಿಗಳನ್ನು ನನ್ನ ಮೇಲೆ ಪೇರಿಸುತ್ತಾಳೆ.

ಇಲ್ಲಿ ಮಲಗಿ ನಾನು ಅವರನ್ನೆಲ್ಲ ನೆನೆಯುತ್ತೇನೆ. ನನಗೆ ಕಾಲಿಲ್ಲ, ಒಂದು ಚೆಂಡನ್ನೂ ಒದೆಯಲಿಲ್ಲ, ಒಂದು ದೇಶವನ್ನೂ ಕಾಣಲಿಲ್ಲ. ಆದರೂ ಎಷ್ಟೋ ದೇಶಗಳ ಹೆಸರು ನನ್ನ ಮೈಮೇಲೆ ಕುಳಿತೆದ್ದವು. ಬರೆದದ್ದರಲ್ಲಿ ಹೆಚ್ಚಿನದು ತಪ್ಪಾಯಿತು. ತಪ್ಪಾದಾಗ ಒರೆಸಿದರು, ಮತ್ತೆ ಬರೆದರು, ನನ್ನ ಮೇಲೆ ಬೇಸರಪಡಲಿಲ್ಲ. ಮುಂದೆ ಏನಾಗುತ್ತದೆಂದು ಯಾರಿಗೂ ತಿಳಿಯದ ಆ ದಿನಗಳಲ್ಲಿ ಅವರು ಬಂದು ನಿಂತದ್ದು ನನ್ನ ಎದುರು. ಒಂದು ಹಲಗೆಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಹೊರಗೆ ಜೈನಾಬಿ ಯಾರನ್ನೋ ಊಟಕ್ಕೆ ಕರೆಯುತ್ತಿದ್ದಾಳೆ. ಅವಳ ದನಿ ಈಗಲೂ ಗಟ್ಟಿಯಾಗಿದೆ. ನನ್ನ ಬೆನ್ನ ಮೇಲೆ ರೊಟ್ಟಿ ಬಿಸಿಯಾಗಿದೆ.